ಕಾಂಗನ ಮಗ: ಉತ್ತರಭಾಗಗಳ ವಿಷಯವಾಗಿ ಒಂದು ವಿಚಾರ

ಒಂದು ಕಥೆಯು ಜನರ ಮನಸ್ಸನ್ನು ಸೆರೆಹಿಡಿದೊಡನೆಯೇ ‘ಮುಂದೇನಾಯಿತು?’ ಎಂಬ ಪ್ರಶ್ನೆ ಏಳುವುದು ಲೋಕಸ್ವಭಾವ. ಕಥೆ ಮುಗಿಯಿತೆಂದು ಕವಿಯು ಮಂಗಳ ಹಾಡಿದರೂ ಕೇಳುವವರು ಏಳಲೊಲ್ಲರು. ಬಾಣಭಟ್ಟನು ಕಾದಂಬರಿಯನ್ನು ಪೂರೈಸದೆ ಕಾಲವಾದಾಗ ಅವನ ಮಗನು ಉತ್ತರಭಾಗವನ್ನು ರಚಿಸಿ ಕಥೆಯನ್ನು ದಡಮುಟ್ಟಿಸಿದನು. ನಮ್ಮ ನಾಗವರ್ಮನು ಎರಡನ್ನೂ ಕನ್ನಡಕ್ಕೆ ತಂದನು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಮುಂದುವರಿಸಿದನು. ತಿಮ್ಮಣ್ಣನ ಪದ್ಯಗಳನ್ನು ಕುಮಾರವ್ಯಾಸನವುಗಳ ಪಕ್ಕದಲ್ಲಿಟ್ಟು ಸಮವೆಂದು ಹೇಳುವ ರಸಿಕರನ್ನು ನಾನು ಕಾಣೆ. ಆದರೂ ಪಾಂಡವರ ಮಹಾಪ್ರಸ್ಥಾನವನ್ನು ಅದೇ ಷಟ್ಪದಿಯ ನಡೆಯಲ್ಲಿ ಕೇಳಬಯಸುವವನು ತಿಮ್ಮಣ್ಣನ ಬಾಗಿಲಿಗೇ ಹೋಗಬೇಕು; ಹೋದವನು ಬರಿಗೈಯಲ್ಲಿ ಮರಳುವನೆಂದೂ ಹೇಳಲಾಗದು.

ಕಾವ್ಯದಲ್ಲಿ ಶತಮಾನಗಳಿಗೊಮ್ಮೆ ನಡೆಯುತ್ತಿದ್ದ ಈ ವ್ಯವಹಾರವು ಚಲಚ್ಚಿತ್ರದ ಯುಗದಲ್ಲಿ ತಿಂಗಳುಗಳ ಮಾತಾಯಿತು. ಗೆದ್ದ ಚಿತ್ರದ ಬೆನ್ನಿಗೆ ಅದರ ಮುಂದಿನ ಭಾಗ, ಮತ್ತೆ ಕೆಲವು ವರ್ಷಗಳಿಗೆ ಅದೇ ಕಥೆಯ ಹೊಸ ಅವತಾರ, ಪ್ರತಿಯೊಂದು ಸಲವೂ ಪ್ರೇಕ್ಷಕರ ನಿಟ್ಟುಸಿರು: ಇದೊಂದು ಪರಿಪಾಠವೇ ಆಗಿಹೋಗಿದೆ. ಈ ಪರಿಪಾಠದ ಆದಿಯಲ್ಲಿಯೇ ನಿಂತಿರುವ ಒಂದು ಸಣ್ಣ ಚಿತ್ರದ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರ ಹೆಸರು ‘ಸನ್ ಆಫ್ ಕಾಂಗ್’, ಎಂದರೆ ಕಾಂಗನ ಮಗ.

ತಂದೆಯ ವೃತ್ತಾಂತವು ಲೋಕಪ್ರಸಿದ್ಧವಾದುದು. ‘ಕಿಂಗ್ ಕಾಂಗ್’ ಚಿತ್ರವು ೧೯೩೩ನೆಯ ಇಸವಿ ಮಾರ್ಚ್ ೨ರಂದು ನ್ಯೂಯಾರ್ಕ್ ನಗರದ ಎರಡು ಭಾರಿ ನಾಟಕಮಂದಿರಗಳಲ್ಲಿ ಏಕಕಾಲಕ್ಕೆ ತೆರೆಕಂಡಿತು. ಎರಡರಲ್ಲಿಯೂ ಸೇರಿ ಸುಮಾರು ಹತ್ತು ಸಾವಿರ ಆಸನಗಳು. ಕಾಲವಾದರೋ ಕಡುಕಷ್ಟದ್ದು. ನಾಲ್ಕೇ ದಿನಗಳ ತರುವಾಯ ಅಧ್ಯಕ್ಷ ರೂಸ್‌ವೆಲ್ಟನು ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದನು. ಚಿತ್ರವನ್ನು ತೆಗೆದ ಆರ್.ಕೆ.ಓ. ಸಂಸ್ಥೆಯೇ ಆ ಜನವರಿಯಿಂದ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಟ್ಟಿದ್ದಿತು. ಇಂಥ ದಿನಗಳಲ್ಲಿ ಜನರು ಸಾಲುಗಟ್ಟಿ ನಿಂತು ಹಣ ತೆತ್ತು, ಅಜ್ಞಾತ ದ್ವೀಪದಿಂದ ಸರಪಳಿ ಬಿಗಿದು ತಂದ ಒಂದು ಮಹಾವಾನರವು ಎಂಪೈರ್ ಸ್ಟೇಟ್ ಸೌಧದ ತುದಿಯಿಂದ ಉರುಳಿ ಬೀಳುವುದನ್ನು ನೋಡಿ ಮರುಗಿದರು.

ಈ ಚಿತ್ರದ ನಿರ್ಮಾಪಕರೂ ನಿರ್ದೇಶಕರೂ ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್ಸಾಕ್ ಎಂಬ ಇಬ್ಬರು ಸಾಹಸಿಗರು. ಆದರೆ ಕಾಂಗನಿಗೆ ಉಸಿರು ಕೊಟ್ಟವನು ವಿಲ್ಲಿಸ್ ಓಬ್ರಿಯೆನ್. ೧೯೨೫ರಲ್ಲಿಯೇ ‘ದಿ ಲಾಸ್ಟ್ ವರ್ಲ್ಡ್’ ಎಂಬ ಮೂಕಚಿತ್ರದಲ್ಲಿ ಪ್ರಾಚೀನಕಾಲದ ಹಲ್ಲಿಗಳನ್ನು ನಡೆಸಿ ತೋರಿಸಿದ್ದವನು ಅವನೇ. ಮಾರ್ಸೆಲ್ ಡೆಲ್ಗಾಡೊ ಎಂಬ ಶಿಲ್ಪಿಯು ಲೋಹದ ಅಸ್ಥಿಪಂಜರದ ಮೇಲೆ ರಬ್ಬರು, ಹತ್ತಿ, ಮೊಲದ ತುಪ್ಪುಳು ಇವುಗಳನ್ನು ಹೊದಿಸಿ ಒಂದೂವರೆ ಅಡಿ ಎತ್ತರದ ಬೊಂಬೆಯನ್ನು ಮಾಡಿಕೊಟ್ಟನು. ಅದನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಹೀಗೆ ಇಪ್ಪತ್ತನಾಲ್ಕು ಸಲ ಮಾಡಿದರೆ ತೆರೆಯ ಮೇಲೆ ಒಂದು ಸೆಕೆಂಡು ಕಳೆಯುವುದು. ನಮ್ಮ ಸೂತ್ರದ ಬೊಂಬೆಯಾಟದವರಿಗೆ ಸೂತ್ರವಾದರೂ ಇದೆ. ಈತನಿಗೆ ಅದೂ ಇರಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಪೂರ್ವಭಾಗವೂ ನಿರ್ದುಷ್ಟವಾದ ಕೃತಿಯಲ್ಲ. ಬೊಂಬೆಯನ್ನು ಸರಿಸುವಾಗ ಬೆರಳು ತಗಲಿ ತುಪ್ಪುಳು ಕದಲಿದ ಗುರುತು ಪ್ರತಿಯೊಂದು ದೃಶ್ಯದಲ್ಲಿಯೂ ಉಳಿದಿದೆ. ಕಾಂಗನ ಮೈ ತೆನೆಯ ಹೊಲದಂತೆ ಸುಮ್ಮನೆ ಅಲುಗುತ್ತಿರುತ್ತದೆ. ಇದು ತಪ್ಪೇ ಸರಿ. ಆದರೆ ನೋಡಿದವರು ಅದನ್ನು ಮೃಗವು ಕೋಪದಿಂದ ರೋಮ ನಿಮಿರಿಸುವ ಲಕ್ಷಣವೆಂದು ತಿಳಿದು ಮೆಚ್ಚಿಕೊಂಡರು. ಕಾಂಗನ ಎತ್ತರವೂ ಒಂದೇ ಸಮನಾಗಿಲ್ಲ; ದ್ವೀಪದಲ್ಲಿ ಹದಿನೆಂಟು ಅಡಿಯಿದ್ದವನು ನ್ಯೂಯಾರ್ಕಿಗೆ ಬರುವಷ್ಟರಲ್ಲಿ ಇಪ್ಪತ್ತನಾಲ್ಕಕ್ಕೆ ಬೆಳೆದಿರುತ್ತಾನೆ. ನಗರದ ಸೌಧಗಳ ನಡುವೆ ಅವನು ಕುಬ್ಜನಾಗಿ ಕಾಣಬಾರದೆಂದು ಕೂಪರನೇ ಬೇಕೆಂದು ಮಾಡಿಸಿದ ವ್ಯತ್ಯಾಸವಿದು. ದ್ವೀಪವಾಸಿಗಳನ್ನು ಚಿತ್ರಿಸಿರುವ ಬಗೆಯಂತೂ ಆ ಕಾಲದ ಬಿಳಿಯರ ಗರ್ವಕ್ಕೆ ಸಾಕ್ಷಿ. ಅದನ್ನು ಇಂದು ನೋಡುವಾಗ ಮನಸ್ಸಿಗೆ ಕಸಿವಿಸಿಯಾಗದೆ ಇರದು, ಆಗಲೂಬೇಕು.

ಇಷ್ಟು ದೊಡ್ಡ ಗೆಲವು ಕಂಡ ಮೇಲೆ ಸಂಸ್ಥೆಯವರು ಸುಮ್ಮನಿರುವರೆ? ಅದೇ ವರ್ಷದ ಡಿಸೆಂಬರಿನೊಳಗೆ ಮುಂದಿನ ಭಾಗವು ಸಿದ್ಧವಾಗಿ ತೆರೆಗೆ ಬರಬೇಕೆಂದು ತೀರ್ಮಾನವಾಯಿತು. ಮೊದಲನೆಯದಕ್ಕೆ ತಗುಲಿದ ವೆಚ್ಚ ಸುಮಾರು ೬,೭೦,೦೦೦ ಡಾಲರು. ಎರಡನೆಯದಕ್ಕೆ ಕೊಟ್ಟುದು ಅದರ ಅರ್ಧಕ್ಕಿಂತಲೂ ಕಡಿಮೆ. ಹಳೆಯ ಕಾಂಗನ ಲೋಹದ ಅಸ್ಥಿಪಂಜರಕ್ಕೇ ಬಿಳಿಯ ತುಪ್ಪುಳು ಹೊದಿಸಿ ಮಗನನ್ನು ಮಾಡಿದರು. ಶೋಡ್ಸಾಕನು ಒಬ್ಬನೇ ನಿರ್ದೇಶಿಸಿದನು. ಕಥೆ ಬರೆದವಳು ಅವನ ಹೆಂಡತಿ ರೂತ್ ರೋಸ್. ಪೂರ್ವಭಾಗದ ಸಂಭಾಷಣೆಗೆ ರೂಪು ಕೊಟ್ಟವಳೂ ಅವಳೇ. ಅದಕ್ಕಿಂತ ದೊಡ್ಡ ಚಿತ್ರವನ್ನು ಮಾಡಲು ಹಣವಿಲ್ಲದಿದ್ದುದರಿಂದ ಆಕೆ ಹಾಸ್ಯದ ದಾರಿಯನ್ನು ಹಿಡಿದಳು.

ಫಲವೇನಾಯಿತೆಂದರೆ, ಎಪ್ಪತ್ತು ನಿಮಿಷದ ಚಿತ್ರದಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಕಳೆದ ಮೇಲೆಯೇ ಕಾಂಗನ ಮಗನ ದರ್ಶನ. ಅದುವರೆಗೆ ಹಡಗು, ಬಂದರು, ಸಾಲಗಾರರು, ಕಪಿಗಳನ್ನು ಕುಣಿಸಿ ಹೊಟ್ಟೆ ಹೊರೆಯುವ ಒಬ್ಬ ಮುದುಕ, ಅವನ ಮಗಳು. ಬಂದ ಮರಿಯಾದರೂ ಸುಮಾರು ಹನ್ನೆರಡು ಅಡಿಯ ಸಾಧುಪ್ರಾಣಿ; ತಲೆ ಕೆರೆದುಕೊಳ್ಳುವುದು, ಕಣ್ಣು ತಿರುಗಿಸುವುದು, ನೋಡುವವರ ಕಡೆಗೆ ಮುಖಮಾಡಿ ಹುಬ್ಬೇರಿಸುವುದು. ಇದರ ತಾಯಿ ಯಾರೆಂಬ ಪ್ರಸ್ತಾಪವೇ ಇಲ್ಲ. ತಂದೆಯ ಭಯಂಕರತೆಯನ್ನು ನೆನೆದು ಬಂದ ಪ್ರೇಕ್ಷಕರಿಗೆ ಆಶಾಭಂಗವಾದುದು ಸಹಜ. ಕೊನೆಯ ಭೂಕಂಪವೂ ಹೇಳದೆ ಕೇಳದೆ ಬಂದು, ಕಥೆಯನ್ನು ಮುಗಿಸುವ ಅವಸರದಲ್ಲಿ ದ್ವೀಪವನ್ನೇ ಮುಳುಗಿಸಿಬಿಡುತ್ತದೆ.

ಇದೆಲ್ಲ ನಿಜ. ಆದರೂ ಈ ಚಿತ್ರವನ್ನು ನಾನು ಹಲವು ಸಲ ನೋಡಿದ್ದೇನೆ, ಇನ್ನೂ ನೋಡುವವನಿದ್ದೇನೆ. ಕಾರಣವನ್ನು ಹೇಳುತ್ತೇನೆ.

ಪೂರ್ವಭಾಗದ ಕೊನೆಯಲ್ಲಿ ಕಾಂಗನ ಶವದ ಮುಂದೆ ನಿಂತ ಕಾರ್ಲ್ ಡೆನ್‌ಹ್ಯಾಮನು, ಆ ಪ್ರಾಣಿಯನ್ನು ಹಿಡಿದು ತಂದು ಪ್ರದರ್ಶನಕ್ಕಿಟ್ಟವನು ತಾನೇ ಆಗಿದ್ದರೂ, ಅಪವಾದವನ್ನು ಸೌಂದರ್ಯದ ಮೇಲೆ ಹೊರಿಸಿ ಜಾರಿಕೊಳ್ಳುತ್ತಾನೆ. ಆ ಮಾತು ಚೆಲುವಾದುದರಿಂದ ಯಾರೂ ಅವನನ್ನು ಪ್ರಶ್ನಿಸಲಿಲ್ಲ. ಉತ್ತರಭಾಗವು ಪ್ರಶ್ನಿಸುತ್ತದೆ. ಒಂದು ತಿಂಗಳು ಕಳೆದಿದೆ. ಹಾಳಾದ ಸೊತ್ತಿಗೆ ಪರಿಹಾರ ಕೇಳುವವರು, ವಕೀಲರು, ಸಮನ್ಸು ತಂದವರು ಡೆನ್‌ಹ್ಯಾಮನ ಕೋಣೆಯ ಬಾಗಿಲನ್ನು ಕಾಯುತ್ತಿದ್ದಾರೆ. ಮಹಾಸಾಹಸಿಯು ಕದ್ದು ಊರುಬಿಟ್ಟು ಹಡಗೇರುತ್ತಾನೆ. ಮರಳಿ ಆ ದ್ವೀಪಕ್ಕೆ ಬಂದಾಗ ಅಲ್ಲಿಯ ಜನರು ಹಿಂದಿನ ಅನಾಹುತವನ್ನು ನೆನೆದು ಇವರನ್ನು ದಡ ಹತ್ತಗೊಡುವುದಿಲ್ಲ. ಬೇರೆ ಕಡೆ ಇಳಿದವರಿಗೆ ಕೆಸರಿನಲ್ಲಿ ಹೂತುಹೋಗುತ್ತಿರುವ ಬಿಳಿಯ ವಾನರವು ಕಾಣಿಸುತ್ತದೆ. ಒಂದು ಮರವನ್ನು ಉರುಳಿಸಿ ಅದನ್ನು ಮೇಲೆತ್ತುತ್ತಾರೆ. ಮುಂದೆ ಅದು ಇವರಿಗಾಗಿ ಗುಹೆಯ ಕರಡಿಯೊಡನೆ ಕಾದಾಡಿ ಬೆರಳಿಗೆ ಗಾಯಮಾಡಿಕೊಂಡಾಗ, ಡೆನ್‌ಹ್ಯಾಮನು ಬಟ್ಟೆಯನ್ನು ಹರಿದು ಆ ಬೆರಳಿಗೆ ಕಟ್ಟುತ್ತಾನೆ. ಅದರ ತಂದೆಗೆ ತಾನು ಬಗೆದ ದ್ರೋಹವನ್ನು ಒಪ್ಪಿಕೊಳ್ಳುತ್ತಾನೆ. ಪೂರ್ವಭಾಗದ ನೂರು ನಿಮಿಷಗಳಲ್ಲಿ ಒಬ್ಬನ ಬಾಯಿಂದಲೂ ಬಾರದ ಪಶ್ಚಾತ್ತಾಪದ ಮಾತು ಈ ಅಗ್ಗದ ಚಿತ್ರದಲ್ಲಿ ಬಂದಿದೆ. ಡೆನ್‌ಹ್ಯಾಮನ ವೇಷವನ್ನು ಧರಿಸಿದ ರಾಬರ್ಟ್ ಆರ್ಮ್‌ಸ್ಟ್ರಾಂಗನಿಗೆ ಎರಡರಲ್ಲಿ ಈ ಚಿತ್ರವೇ ಹೆಚ್ಚು ಪ್ರಿಯವಾಗಿದ್ದಿತಂತೆ. ತನ್ನ ಪಾತ್ರವು ಬೆಳೆದುದು ಇದರಲ್ಲಿಯೇ ಎಂಬುದು ಅವನ ಅಭಿಪ್ರಾಯ. ನಟನ ಮಾತನ್ನು ಸ್ವಾರ್ಥದ್ದೆಂದು ತಳ್ಳಿಹಾಕುವುದು ಸುಲಭ, ಆದರೆ ಇಲ್ಲಿ ಅವನು ಹೇಳಿದುದು ಸರಿ.

ಓಬ್ರಿಯೆನ್ನನ ಎಣಿಕೆ ಮಾತ್ರ ಬೇರೆಯಾಗಿದ್ದಿತು. ಮೊದಲಿನಿಂದಲೂ ಅವನಿಗೆ ಈ ಕೆಲಸದಲ್ಲಿ ಮನಸ್ಸಿರಲಿಲ್ಲ. ಬೊಂಬೆಯನ್ನು ನಡೆಸುವ ಕಾರ್ಯದ ಬಹುಭಾಗವು ಸಹಾಯಕನಾದ ಬಜ್ ಗಿಬ್ಸನ್ನನ ಪಾಲಿಗೆ ಬಂದಿತು. ಚಿತ್ರದ ಕೆಲಸ ನಡೆಯುತ್ತಿದ್ದಾಗಲೇ, ೧೯೩೩ರ ಅಕ್ಟೋಬರಿನಲ್ಲಿ, ಅವನಿಂದ ದೂರವಾಗಿದ್ದ ಹೆಂಡತಿಯು ರೋಗದಿಂದಲೂ ಮನೋವ್ಯಥೆಯಿಂದಲೂ ಜರ್ಜರಿತಳಾಗಿ ಅವರ ಇಬ್ಬರು ಗಂಡುಮಕ್ಕಳನ್ನೂ ಗುಂಡಿಕ್ಕಿ ಕೊಂದಳು. ತನ್ನ ಮೇಲೂ ಗುಂಡು ಹಾರಿಸಿಕೊಂಡು ಬದುಕುಳಿದ ಆಕೆ ಮರುವರ್ಷ ತೀರಿಕೊಂಡಳು. ತಂದೆಯನ್ನು ಕಳೆದುಕೊಂಡ ಮರಿಯೊಂದರ ವಿನೋದದ ಕಥೆಗೆ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬನ ಹೆಸರು ಅಂಟಿಕೊಂಡಿತು. ಮುಂದೆ ಅವನು ಈ ಚಿತ್ರದ ಮಾತನ್ನೇ ಎತ್ತುತ್ತಿರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಇದನ್ನು ತಿಳಿದ ಮೇಲೆ ಚಿತ್ರದ ಕುಂದುಗಳನ್ನು ಎಣಿಸುವ ಬೆರಳು ತಾನಾಗಿ ನಿಧಾನವಾಗುತ್ತದೆ.

ಅನಂತರದ ಅವತಾರಗಳನ್ನು ಬೇಗನೆ ಹೇಳಿ ಮುಗಿಸಬಹುದು. ೧೯೩೩ರಲ್ಲಿಯೇ ಜಪಾನಿನಲ್ಲಿ ಕಾಂಗನ ಹೆಸರಿನ ಒಂದು ಕಿರಿಯ ಹಾಸ್ಯಚಿತ್ರವು ಹೊರಟಿತು. ಅದರ ಪ್ರತಿ ಇಂದು ಉಳಿದಿಲ್ಲ. (ನಮ್ಮ ಮೊದಲ ಕನ್ನಡ ವಾಕ್ಚಿತ್ರವಾದ ೧೯೩೪ರ ‘ಸತೀ ಸುಲೋಚನ’ದ ಗತಿಯೂ ಅದೇ. ಕುಂದುಳ್ಳ ಚಿತ್ರವೆಂದು ಹಳಿಯುವುದಕ್ಕಾದರೂ ಚಿತ್ರವು ಇರಬೇಕಷ್ಟೆ!) ೧೯೫೨ರಲ್ಲಿ ಮೂಲಚಿತ್ರವನ್ನು ಮತ್ತೆ ತೆರೆಗೆ ತಂದಾಗ ಜನರು ಮುಗಿಬಿದ್ದರು. ಆ ಗೆಲವಿನ ಬೆನ್ನಿಗೇ ದೈತ್ಯಮೃಗಗಳ ಚಿತ್ರಗಳು ಸಾಲಾಗಿ ಬಂದವು. ೧೯೫೪ರಲ್ಲಿ ಜಪಾನಿನ ಗಾಡ್ಜಿಲ್ಲಾ ಹುಟ್ಟಿತು. ಮುಂದೆ ಓಬ್ರಿಯೆನ್ನನು ಕಾಂಗನಿಗೆ ಎದುರಾಳಿಯೊಬ್ಬನನ್ನು ಕಲ್ಪಿಸಿ ಒಂದು ಕಥೆಯನ್ನು ಹೆಣೆದನು. ನಿರ್ಮಾಪಕನೊಬ್ಬನು ಅವನಿಗೆ ತಿಳಿಸದೆಯೇ ಅದನ್ನು ಜಪಾನಿನ ತೋಹೋ ಸಂಸ್ಥೆಗೆ ಮಾರಿದನು. ಹೀಗೆ ೧೯೬೨ರಲ್ಲಿ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ ಬಂದಿತು. ಅದರಲ್ಲಿ ಕಾಂಗನೆಂದರೆ ಹುಳು ಹೊಡೆದ ಕಂಬಳಿಯಂಥ ಚರ್ಮವನ್ನು ತೊಟ್ಟ ಒಬ್ಬ ಮನುಷ್ಯ. ಆದರೂ ಜಪಾನಿನ ಜನರು ಗಾಡ್ಜಿಲ್ಲಾ ಚಿತ್ರಮಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹೋಗಿ ನೋಡಿದುದು ಇದನ್ನೇ. ಅದೇ ವರ್ಷ ನವೆಂಬರಿನಲ್ಲಿ ಓಬ್ರಿಯೆನ್ನನು ತೀರಿಕೊಂಡನು. ಅದೇ ವರ್ಷ ನಮ್ಮ ದಾರಾಸಿಂಗನು ನಟಿಸಿದ ‘ಕಿಂಗ್ ಕಾಂಗ್’ ಎಂಬ ಹಿಂದೀ ಚಿತ್ರವೂ ಬಂದಿತು. ಹೆಸರೊಂದನ್ನುಳಿದು ದ್ವೀಪದ ವಾನರನಿಗೂ ಅದಕ್ಕೂ ನಂಟಿಲ್ಲ.

೧೯೭೬ರಲ್ಲಿ ಡಿನೋ ಡಿ ಲಾರೆಂಟಿಸನು ಮೂಲಕಥೆಯನ್ನೇ ಹೊಸದಾಗಿ ತೆಗೆಸಿದನು. ಅದಕ್ಕಾಗಿ ನಲವತ್ತು ಅಡಿ ಎತ್ತರದ ಯಂತ್ರವಾನರವನ್ನು ಅಪಾರ ವೆಚ್ಚದಲ್ಲಿ ಕಟ್ಟಿಸಿ ಡಂಗುರ ಹೊಯ್ಸಿದರು. ತೆರೆಯ ಮೇಲೆ ಅದು ಕೆಲವೇ ಕ್ಷಣ ನಿಂತಿತು, ಉಳಿದುದೆಲ್ಲ ರಿಕ್ ಬೇಕರ್ ಎಂಬ ಕುಶಲಿಯು ಚರ್ಮ ತೊಟ್ಟು ಆಡಿದ ಆಟ. ಈ ಚಿತ್ರಕ್ಕೆ ದೃಶ್ಯಚಮತ್ಕಾರದ ವಿಶೇಷ ಆಸ್ಕರನ್ನು ಕೊಟ್ಟಾಗ, ಓಬ್ರಿಯೆನ್ನನ ದಾರಿಯಲ್ಲಿ ನಡೆದವನಾದ ಜಿಮ್ ಡ್ಯಾನ್‌ಫರ್ತನು ಅಕಾಡೆಮಿಯ ಸದಸ್ಯತ್ವಕ್ಕೇ ರಾಜೀನಾಮೆಯಿತ್ತನು. ಇದರ ಮುಂದಿನ ಭಾಗವು ೧೯೮೬ರದು. ಹತ್ತು ವರ್ಷ ಪ್ರಜ್ಞೆತಪ್ಪಿ ಮಲಗಿದ್ದ ಕಾಂಗನಿಗೆ ವೈದ್ಯರು ಕೃತಕ ಹೃದಯವನ್ನು ಜೋಡಿಸುವ ಕಥೆ. ಅದನ್ನು ನೋಡಲು ಜನರು ಬರಲಿಲ್ಲ. ಇದನ್ನು ಸಮರ್ಥಿಸುವ ಧೈರ್ಯ ನನಗೂ ಇಲ್ಲ. ೨೦೦೫ರಲ್ಲಿ ಪೀಟರ್ ಜಾಕ್ಸನ್ ತೆಗೆದ ಚಿತ್ರವಾದರೋ ಪ್ರೀತಿಯ ಫಲ. ಬಾಲ್ಯದಲ್ಲಿ ಮೂಲಚಿತ್ರವನ್ನು ನೋಡಿ ಅತ್ತವನು ಬೆಳೆದು ಸಲ್ಲಿಸಿದ ಕಾಣಿಕೆ ಅದು. ಆದರೆ ಮೂಲದ ನೂರು ನಿಮಿಷಗಳ ಕಥೆಗೆ ಮೂರು ಗಂಟೆಗೂ ಮಿಕ್ಕಿದ ಕಾಲ! ಪ್ರೀತಿಯು ಅತಿಯಾದರೂ ಕೃತಿಗೆ ಭಾರವೇ.

ಹೊಸ ಚಿತ್ರಗಳಲ್ಲಿ ಯಂತ್ರಗಣಕದಿಂದ ಮೂಡಿಸಿದ ಕಾಂಗನ ಒಂದೊಂದು ರೋಮವೂ ಗಾಳಿಗೆ ತಕ್ಕಂತೆ ಅಲುಗುತ್ತದೆ. ಬೆರಳ ಗುರುತು ಎಲ್ಲಿಯೂ ಇಲ್ಲ. ಅವನ್ನು ನೋಡುವಾಗ ಬೆರಗಾಗುತ್ತೇನೆ. ಆದರೆ ಮರಿಕಾಂಗನ ಕಡೆಯ ದೃಶ್ಯದಲ್ಲಿ ನನಗಾಗುವುದು ಬೆರಗಲ್ಲ. ದ್ವೀಪವು ಮುಳುಗುತ್ತಿದೆ, ಮರಿಯ ಕಾಲು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದೆ; ನೀರು ಎದೆಗೆ, ಕೊರಳಿಗೆ ಏರುತ್ತಿದ್ದರೂ ಅದು ಡೆನ್‌ಹ್ಯಾಮನನ್ನು ಅಂಗೈಯಲ್ಲಿ ಎತ್ತಿ ಹಿಡಿದಿದೆ. ದೋಣಿ ಹತ್ತಿರ ಬಂದು ಅವನನ್ನು ಇಳಿಸಿಕೊಳ್ಳುವವರೆಗೂ ಕೈ ಕೆಳಗಾಗುವುದಿಲ್ಲ. ಬಳಿಕ ಆ ಕೈ, ಬೆರಳಿಗೆ ಕಟ್ಟಿದ ಬಟ್ಟೆಯೊಡನೆ, ಮೆಲ್ಲನೆ ನೀರಿನೊಳಗೆ ಹೋಗುತ್ತದೆ. ಒಡನೆಯೇ ಹಡಗಿನ ಮೇಲೆ ನಿಧಿಯನ್ನು ಹಂಚಿಕೊಳ್ಳುವ ಮಾತು ಆರಂಭವಾಗಿ ರಸಭಂಗವಾಗುತ್ತದೆ ಎನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ.

ಹದಿನಾರು ವರ್ಷಗಳ ತರುವಾಯ ಅದೇ ಬಳಗವು, ಎಂದರೆ ಕೂಪರ್, ಶೋಡ್ಸಾಕ್, ರೂತ್ ರೋಸ್, ಆರ್ಮ್‌ಸ್ಟ್ರಾಂಗ್, ಓಬ್ರಿಯೆನ್ ಇವರೆಲ್ಲರೂ, ಮತ್ತೊಂದು ವಾನರದ ಕಥೆಗೆ ಕೈಹಾಕಿದರು. ೧೯೪೯ರ ‘ಮೈಟಿ ಜೋ ಯಂಗ್’ ಅದು. ಬೊಂಬೆಯ ಚಲನೆಯಲ್ಲಿ ಬಹುಪಾಲು ಓಬ್ರಿಯೆನ್ನನ ಶಿಷ್ಯನಾದ ರೇ ಹ್ಯಾರಿಹೌಸನ್ನನದು. ಹಣ ಬರಲಿಲ್ಲ, ದೃಶ್ಯಚಮತ್ಕಾರದ ಆಸ್ಕರ್ ಮಾತ್ರ ೧೯೫೦ರಲ್ಲಿ ಬಂದಿತು. ಕಾಡಿನಿಂದ ತಂದು ನಗರದ ವಿಲಾಸಮಂದಿರದಲ್ಲಿ ಆಟವಾಡಿಸಿದ ಜೋ ಎಂಬ ವಾನರವು ಇಲ್ಲಿ ಸೌಧದಿಂದ ಬೀಳುವುದಿಲ್ಲ, ನೀರಿನಲ್ಲಿ ಮುಳುಗುವುದೂ ಇಲ್ಲ. ಉರಿಯುತ್ತಿರುವ ಅನಾಥಾಲಯದಿಂದ ಮಕ್ಕಳನ್ನು ಕಾಪಾಡಿ, ತನ್ನವರೊಡನೆ ಆಫ್ರಿಕಕ್ಕೆ ಹಿಂದಿರುಗುತ್ತದೆ. ಕೊನೆಯ ದೃಶ್ಯದಲ್ಲಿ ಆರ್ಮ್‌ಸ್ಟ್ರಾಂಗನ ಪಾತ್ರವು ಅಲ್ಲಿಂದ ಬಂದ ಒಂದು ಚಿತ್ರಸುರುಳಿಯನ್ನು ನೋಡುತ್ತದೆ. ತೆರೆಯೊಳಗಿನ ಆ ಪುಟ್ಟ ತೆರೆಯಲ್ಲಿ ಜೋ ಇತ್ತ ಕಡೆ ತಿರುಗಿ ಕೈಬೀಸುತ್ತದೆ.