ವರ್ಣಭೇದವೂ ನಮ್ಮ ಜಿಲ್ಲೆಯ ಸಿದ್ದಿ ಜನರೂ

ಅಂಕೋಲೆಯ ಬಳಿಯ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿಯಿಂದ ಹುಬ್ಬಳ್ಳಿಯ ದಾರಿಯು ಕವಲೊಡೆದು ಘಟ್ಟವನ್ನೇರುವದು. ಆ ದಾರಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಪರಸ್ಥಳದವರು ಅಡವಿಯಂಚಿನ ಊರುಗಳಲ್ಲಿ ಗುಂಗುರುಗೂದಲಿನ, ಕಪ್ಪು ಮೈಬಣ್ಣದ ಜನರನ್ನು ಕಂಡು, "ಇವರು ಯಾವ ದೇಶದವರು?" ಎಂದು ಕೇಳುವದುಂಟು. ಇವರು ಈ ದೇಶದವರೇ, ಈ ಜಿಲ್ಲೆಯವರೇ. ಸಿದ್ದಿ ಎಂಬ ಹೆಸರಿನವರು. ಆದರೂ ಆ ಪ್ರಶ್ನೆಯು ತಲೆಮಾರುಗಳಿಂದ ಇವರ ಬೆನ್ನು ಬಿಟ್ಟಿಲ್ಲ. ಅದೇಕೆಂಬದನ್ನು ವಿಚಾರಿಸುವದೇ ಈ ಲೇಖದ ಉದ್ದೇಶ.

ಅಮೇರಿಕೆಯ ರಾಜಕಾರಣದಲ್ಲಿಯೂ ಕ್ರೀಡೆಗಳಲ್ಲಿಯೂ ಏಳುವ ವರ್ಣಭೇದದ ಆರೋಪಗಳನ್ನು ನಾವು ವೃತ್ತಪತ್ರಗಳಲ್ಲಿ ಓದುತ್ತೇವೆ. ಅಲ್ಲಿಯ ಹಿರಿಯ ಬೇಸ್‌ಬಾಲ್ ಮಂಡಲಿಗಳು ಕರಿಯರಿಗೆ ಬಹುಕಾಲ ಮುಚ್ಚಿದ್ದ ಬಾಗಿಲನ್ನು ಜಾಕಿ ರಾಬಿನ್ಸನ್ನರು ದಾಟಿದ್ದು 1947ರಲ್ಲಿ. ದಕ್ಷಿಣದ ಸಂಸ್ಥಾನಗಳಲ್ಲಿ ಅವರ ಮತದ ಹಕ್ಕಿಗೆ ಕಾಯಿದೆಯ ಗಟ್ಟಿಯಾದ ರಕ್ಷಣೆ ದೊರೆತದ್ದು 1965ರಲ್ಲಿ. ಇದನ್ನೋದಿ ಮರುಗುವ ನಮ್ಮ ದೇಶಕ್ಕೂ ಈ ಆರೋಪವು ತಟ್ಟದೆ ಹೋಗಲಿಲ್ಲ. ವೆಸ್ಟ್ ಇಂಡೀಸಿನ ಕ್ರಿಕೆಟ್ ನಾಯಕರಾಗಿದ್ದ ಡ್ಯಾರೆನ್ ಸ್ಯಾಮಿಯವರು, ತಾವು ಭಾರತದ ಲೀಗಿನಲ್ಲಿ ಆಡುತ್ತಿದ್ದಾಗ ತಮ್ಮನ್ನು 'ಕಾಲೂ' ಎಂದು ಕರೆಯುತ್ತಿದ್ದರೆಂದೂ, ಅದರ ಅರ್ಥವು ತಮಗೆ ಆಗ ತಿಳಿದಿರಲಿಲ್ಲವೆಂದೂ 2020ರ ಜೂನಿನಲ್ಲಿ ಬಹಿರಂಗವಾಗಿ ಹೇಳಿದರು. ಪ್ರೀತಿಯಿಂದ ಕರೆದದ್ದೆಂಬ ಸಮಾಧಾನವು ಬಳಿಕ ಬಂದಿತು. ಪ್ರೀತಿಗೂ ಬಣ್ಣದ ಹೆಸರೇ ಏಕೆ ಬೇಕಾಯಿತೆಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿಯಿತು.

ಇನ್ನು ನಮ್ಮ ಸಿದ್ದಿಯರ ಪೂರ್ವವೃತ್ತಾಂತ. ಪೋರ್ತುಗೀಜರು ಪೂರ್ವ ಆಫ್ರಿಕೆಯಿಂದ ಜನರನ್ನು ಹಡಗುಗಳಲ್ಲಿ ಗೋವೆಗೆ ತಂದು ಗುಲಾಮರನ್ನಾಗಿ ಮಾರುತ್ತಿದ್ದರು. ಅವರೊಳಗೆ ಹಲವರು ತಪ್ಪಿಸಿಕೊಂಡು ಸಹ್ಯಾದ್ರಿಯ ಅಡವಿಗಳನ್ನು ಸೇರಿದರು; ಹಳಿಯಾಳ, ಯಲ್ಲಾಪುರ, ಅಂಕೋಲೆಗಳ ಸಿದ್ದಿಯರಲ್ಲಿ ಬಹುಮಂದಿ ಇಂಥವರ ಸಂತತಿಯವರೆಂದು ತಿಳಿಯಲಾಗಿದೆ. ಪೋರ್ತುಗೀಜ ರಾಜ್ಯದಲ್ಲಿ ಗುಲಾಮಗಿರಿಯು ಕಾಯಿದೆಯಿಂದ ರದ್ದಾದದ್ದು 1869ರಲ್ಲಿ. ಇದೇ ಆಫ್ರಿಕೆಯಿಂದ ಗುಲಾಮನಾಗಿ ಬಂದ ಮಲಿಕ್ ಅಂಬರನು ಅಹಮದನಗರದ ರಾಜ್ಯಸೂತ್ರವನ್ನು ಹಿಡಿದು, 1626ರಲ್ಲಿ ಸಾಯುವವರೆಗೆ ಮೊಗಲರನ್ನು ಕಂಗೆಡಿಸಿದನು. ವಿಜಾಪುರದ ದರಬಾರಿನಲ್ಲಿ ಹಬಶಿಯಾದ ಇಖ್ಲಾಸಖಾನನು ಮಂತ್ರಿಪದವಿಗೇರಿದನು. ಅವಕಾಶ ದೊರೆತಲ್ಲಿ ಬಣ್ಣವು ಅಡ್ಡಬರಲಿಲ್ಲವೆಂಬದಕ್ಕೆ ಇವರೇ ಸಾಕ್ಷಿ. ಅಡವಿಗೆ ಸೇರಿದವರಿಗಾದರೋ ಪರರ ಹೊಲ ತೋಟಗಳ ಕೂಲಿಯೇ ಗತಿಯಾಯಿತು. ಹಿಂದು, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತಗಳವರೂ ಇವರಲ್ಲುಂಟು. ಮನೆಮಾತು ಕೊಂಕಣಿ, ಹೊರಗೆ ಕನ್ನಡ. ಇಷ್ಟಾಗಿಯೂ ನೋಡುವವರ ಕಣ್ಣಿಗೆ ಮೊದಲು ಬೀಳುವದು ಕೂದಲೂ ಬಣ್ಣವೂ ಮಾತ್ರ.

1987ರಲ್ಲಿ ಈ ನೋಟವೇ ಮತ್ತೊಂದು ವೇಷದಲ್ಲಿ ಬಂದಿತು. ಮಾರ್ಗರೆಟ್ ಆಳ್ವಾ ಅವರು ಕೇಂದ್ರದ ಕ್ರೀಡಾಮಂತ್ರಿಗಳಾಗಿದ್ದಾಗ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕೆಯ ರಕ್ತವಿದ್ದಲ್ಲಿ ಓಟವೂ ಇರುವದು, ಒಲಿಂಪಿಕ್ ಪದಕಗಳೂ ಬರುವವು ಎಂಬದು ಅದರ ಹಿಂದಿನ ತರ್ಕ. ಯೋಜನೆಯಿಂದ ಒಳಿತಾಗಲಿಲ್ಲವೆಂದು ಹೇಳುವಂತಿಲ್ಲ. ಅಡವಿಯ ಮಕ್ಕಳಿಗೆ ಅನ್ನ, ವಿದ್ಯೆ, ಹೊರಜಗತ್ತುಗಳ ಪರಿಚಯವಾಯಿತು. ಕಮಲಾ ಸಿದ್ದಿಯವರಂಥವರು ಓಟದ ಕಣದಲ್ಲಿ ಹೆಸರಾದರು. ಆದರೆ 1993ರಲ್ಲಿ ಅದು ನಿಂತುಹೋಯಿತು; ಹಲವರು ಮರಳಿ ಊರಿನ ಕೂಲಿಗೇ ಬಂದರು. ಮಕ್ಕಳನ್ನು ಅವರವರ ಗುಣದಿಂದ ಅಳೆಯದೆ ಕುಲದಿಂದ ಅಳೆದದ್ದರ ದೋಷವು ಇಲ್ಲಿ ಸ್ಪಷ್ಟವಾಗಿದೆ. ನಿಂದೆಯಂತೆ ಹೊಗಳಿಕೆಯೂ ಮೈಬಣ್ಣವನ್ನೇ ಆಧರಿಸಿದರೆ, ನಿರೀಕ್ಷೆಯು ಕೈಗೂಡದ ದಿನ ಆ ಹೊಗಳಿಕೆಯು ನಿರ್ಲಕ್ಷ್ಯವಾಗಿ ಮಾರ್ಪಡಲು ತಡವಾಗದು.

ರಾಜಕಾರಣದ ಬಾಗಿಲು ಇನ್ನೂ ನಿಧಾನವಾಗಿ ತೆರೆಯಿತು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಯಾದಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು 2020ರ ತನಕ ಕಾಯಬೇಕಾಯಿತು. ಅದೇ ವರ್ಷ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮನಿರ್ದೇಶನಗೊಂಡು, ಕರ್ನಾಟಕದ ಶಾಸನಸಭೆಗಳನ್ನು ಹೊಕ್ಕ ಮೊದಲ ಸಿದ್ದಿಯೆನಿಸಿದರು. ಇದು ಸಂತೋಷದ ಸಂಗತಿ. ಆದರೆ ನಾಮನಿರ್ದೇಶನವು ಸರಕಾರವು ಕೊಡುವ ಮನ್ನಣೆ. ನೆರೆಹೊರೆಯವರು ತಮ್ಮ ಮತದಿಂದ ಆರಿಸಿ ಕಳಿಸುವದು ಬೇರೆಯೇ ಮನ್ನಣೆ. ಆ ಎರಡನೆಯದು ನಮ್ಮ ಕೈಯಲ್ಲಿದೆ.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಬಿಳಿಯ ಬಣ್ಣಕ್ಕೆ ಆಳುವ ಹಕ್ಕಿದೆಯೆಂದು ನಂಬಿದ್ದ ಪ್ರಭುತ್ವವನ್ನು ಎದುರಿಸಿದ ತಾಲೂಕು ಇದು. ಆ ಕೀರ್ತಿಗೆ ನಾವು ವಾರಸುದಾರರೆಂದು ಹೇಳಿಕೊಳ್ಳುವದಾದರೆ, ಬಾಳೆಗುಳಿಯಿಂದ ಘಟ್ಟವನ್ನೇರುವ ದಾರಿಯಲ್ಲಿ ಕಾಣುವ ನಮ್ಮ ನೆರೆಯವರನ್ನು ಯಾವ ದೇಶದವರೆಂದು ಕೇಳುವದನ್ನು ಮೊದಲು ಬಿಡತಕ್ಕದ್ದು.