ಸ್ವಯಂಸೇವಕರ ವಿಶ್ವಕೋಶ: ವಿಕಿಪೀಡಿಯ ಸಮುದಾಯಗಳಲ್ಲಿ ಸಹಕಾರ ಮತ್ತು ಸಂಘರ್ಷ

ವಿಶ್ವಕೋಶ ರಚನೆಯು ಬಹುಕಾಲದಿಂದ ಸಂಸ್ಥೆಗಳ ಕಾರ್ಯವಾಗಿಯೇ ನಡೆದುಬಂದಿದೆ. ಸಂಪಾದಕ ಮಂಡಳಿ, ವಿಷಯತಜ್ಞರು, ಪರಿಶೀಲಕರು, ಕರಡು ತಿದ್ದುವವರು, ಮುದ್ರಣಾಲಯ ಎಂಬ ಕ್ರಮಬದ್ಧ ವ್ಯವಸ್ಥೆಯಿಲ್ಲದೆ ಅಂಥ ಗ್ರಂಥ ಹೊರಬರಲಾರದೆಂಬ ನಂಬಿಕೆ ಕನ್ನಡದಲ್ಲಿಯೂ ಬೇರೂರಿತ್ತು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದಂತಹ (1936) ಏಕವ್ಯಕ್ತಿ ಸಾಹಸಗಳು ಈ ಮಾತಿಗೆ ಅಪವಾದಗಳು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು; 14ನೆಯ ಸಂಪುಟ ಓದುಗರ ಕೈಸೇರಿದ್ದು 2004ರಲ್ಲಿ. ಆ ಕೊನೆಯ ಸಂಪುಟ ಹೊರಬರುವ ವೇಳೆಗೆ ಕನ್ನಡದಲ್ಲಿ ಇನ್ನೊಂದು ವಿಶ್ವಕೋಶ ಹುಟ್ಟಿಕೊಂಡಿತ್ತು. 2003ರ ಜೂನ್ ತಿಂಗಳಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಪ್ರಧಾನ ಸಂಪಾದಕರಿರಲಿಲ್ಲ, ಗೌರವಧನವಿರಲಿಲ್ಲ, ಬರೆಯುವವರ ಅರ್ಹತೆಯನ್ನು ವಿಚಾರಿಸುವ ಪದ್ಧತಿಯೂ ಇರಲಿಲ್ಲ.

ಸಂಬಳವಿಲ್ಲದ, ಬಹುಪಾಲು ಪರಸ್ಪರ ಮುಖಪರಿಚಯವೂ ಇಲ್ಲದ ಜನರು ಕೂಡಿ ಬರೆಯುವುದು ಹೇಗೆ? ಅವರಲ್ಲಿ ವಿರಸ ಉಂಟಾದಾಗ ತೀರ್ಮಾನಿಸುವವರು ಯಾರು? ಮುನಿಸಿಕೊಂಡವರು ಎದ್ದುಹೋದರೆ ಅವರು ಬರೆದಿಟ್ಟದ್ದು ಯಾರ ಪಾಲಾಗುತ್ತದೆ? ವಿಕಿಪೀಡಿಯದ ಮೊದಲ ಹದಿನೈದು ವರ್ಷಗಳ ಇತಿಹಾಸವನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ವಿಕಿಪೀಡಿಯದ ಹುಟ್ಟೇ ಒಂದು ವಿಫಲ ಪ್ರಯತ್ನದ ಬದಿಯಲ್ಲಿ ಆದದ್ದು. ಅಮೆರಿಕದ ಬೋಮಿಸ್ ಎಂಬ ಅಂತರಜಾಲ ಕಂಪನಿಯ ಜಿಮ್ಮಿ ವೇಲ್ಸ್ 2000ದ ಮಾರ್ಚ್‌ನಲ್ಲಿ ‘ನ್ಯೂಪೀಡಿಯ’ ಎಂಬ ಉಚಿತ ವಿಶ್ವಕೋಶವನ್ನು ಆರಂಭಿಸಿದರು. ತತ್ತ್ವಶಾಸ್ತ್ರದ ವಿದ್ವಾಂಸ ಲ್ಯಾರಿ ಸ್ಯಾಂಗರ್ ಅದರ ಪ್ರಧಾನ ಸಂಪಾದಕರು. ಅಲ್ಲಿಯೂ ಬರೆಯುವವರು ಸ್ವಯಂಸೇವಕರೇ. ಆದರೆ ಪ್ರತಿಯೊಂದು ಲೇಖನವೂ ತಜ್ಞರ ಪರಿಶೀಲನೆಯ ಏಳು ಹಂತಗಳನ್ನು ದಾಟಬೇಕಾಗಿತ್ತು. ಫಲವಾಗಿ ಮೊದಲ ವರ್ಷದಲ್ಲಿ ಪೂರ್ಣಗೊಂಡ ಲೇಖನಗಳು 21 ಮಾತ್ರ. ಇದಕ್ಕೆ ಪರಿಹಾರವಾಗಿ ಸ್ಯಾಂಗರ್ ಅವರ ಗಮನ ಹರಿದದ್ದು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ರೂಪಿಸಿದ್ದ ‘ವಿಕಿ’ ತಂತ್ರಾಂಶದತ್ತ. ಓದುವವನೇ ಪುಟವನ್ನು ತಿದ್ದಬಹುದಾದ ವ್ಯವಸ್ಥೆಯದು. ಹವಾಯಿ ಭಾಷೆಯ ‘ವಿಕಿ’ ಎಂಬ ಪದಕ್ಕೆ ‘ಬೇಗ’ ಎಂದರ್ಥ. 2001ರ ಜನವರಿ 15ರಂದು ವಿಕಿಪೀಡಿಯ ಆರಂಭವಾದಾಗ ಅದು ನ್ಯೂಪೀಡಿಯಕ್ಕೆ ಕರಡುಗಳನ್ನು ಒದಗಿಸುವ ಹೊರಾಂಗಣವಾಗಬೇಕೆಂಬುದಷ್ಟೇ ಉದ್ದೇಶವಾಗಿತ್ತು. ಒಂದು ವರ್ಷದೊಳಗೆ ಅಲ್ಲಿ ಸುಮಾರು 20,000 ಲೇಖನಗಳು ಸೇರಿದವು. ನ್ಯೂಪೀಡಿಯ 2003ರಲ್ಲಿ ಕಣ್ಮುಚ್ಚಿತು.

ಈ ಬೆಳವಣಿಗೆಯನ್ನು ಕೇವಲ ತಂತ್ರಾಂಶದ ಗೆಲುವೆಂದು ಬಗೆಯುವುದು ಸರಿಯಲ್ಲ. ತಪ್ಪು ಮಾಡಲು ಅವಕಾಶವಿದ್ದಂತೆಯೇ ತಪ್ಪನ್ನು ಅಳಿಸುವುದೂ ಅಲ್ಲಿ ಸುಲಭವಾಗಿತ್ತು. ಹಳೆಯ ಪಾಠಗಳೆಲ್ಲವೂ ಪುಟದ ಇತಿಹಾಸದಲ್ಲಿ ಉಳಿಯುತ್ತಿದ್ದವು. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ಎಲ್ಲರಿಗೂ ಕಾಣುತ್ತಿತ್ತು. ಹಸ್ತಪ್ರತಿಗಳ ಪಾಠಾಂತರಗಳನ್ನು ಹುಡುಕಿ ಸೋತ ಗ್ರಂಥಸಂಪಾದಕರಿಗೆ ಇದರ ಬೆಲೆ ಬೇಗ ತಿಳಿದೀತು. ಪರಸ್ಪರ ವಿಶ್ವಾಸವಿಲ್ಲದಿದ್ದರೂ ಕೆಲಸ ಸಾಗುವಂತೆ ಮಾಡಿದ್ದು ಈ ದಾಖಲೆಯೇ.

ಆದರೆ ಪಾಠವನ್ನು ಹಿಂದಿರುಗಿಸಬಹುದಾದಂತೆ ಮುರಿದ ಮನಸ್ಸನ್ನು ಹಿಂದಿರುಗಿಸಲಾಗದು ಎಂಬುದಕ್ಕೆ ಮೊದಲ ದೊಡ್ಡ ನಿದರ್ಶನ ಸ್ಪ್ಯಾನಿಷ್ ಆವೃತ್ತಿಯಲ್ಲಿ ದೊರೆಯುತ್ತದೆ. 2001ರ ಮೇ ತಿಂಗಳಲ್ಲಿ ಆರಂಭವಾಗಿದ್ದ ಸ್ಪ್ಯಾನಿಷ್ ವಿಕಿಪೀಡಿಯದಲ್ಲಿ ದುಡಿಯುತ್ತಿದ್ದವರು ಬೆರಳೆಣಿಕೆಯ ಜನ. ಬೋಮಿಸ್‌ನ ಹಣಕಾಸು ಬಿಗಡಾಯಿಸಿದ್ದ 2002ರ ಫೆಬ್ರವರಿಯಲ್ಲಿ, ಮುಂದೆ ವಿಕಿಪೀಡಿಯದಲ್ಲಿ ಜಾಹೀರಾತುಗಳು ಬರಬಹುದೆಂಬ ಮಾತನ್ನು ಸ್ಯಾಂಗರ್ ಆಡಿದರು. ತಮ್ಮ ಉಚಿತ ದುಡಿಮೆಯಿಂದ ಇನ್ನೊಬ್ಬರು ಲಾಭ ಗಳಿಸುವುದನ್ನು ಸ್ಪ್ಯಾನಿಷ್ ಬಳಗ ಒಪ್ಪಲಿಲ್ಲ. ತಾಣದ ವಿಳಾಸ ವ್ಯಾಪಾರಸೂಚಕವಾದ ‘ಡಾಟ್ ಕಾಮ್’ ಆಗಿದ್ದುದು ಮತ್ತು ನಿರ್ಧಾರಗಳೆಲ್ಲ ಇಂಗ್ಲಿಷ್ ಬಳಗದಲ್ಲಿಯೇ ಆಗುತ್ತಿದ್ದುದು ಮೊದಲೇ ಇದ್ದ ಅಸಮಾಧಾನಗಳು. ಎಡ್ಗರ್ ಎನ್ಯೆಡಿ ಮೊದಲಾದವರು ಅದೇ ತಿಂಗಳ ಕೊನೆಯಲ್ಲಿ ಹೊರನಡೆದು, ಸೆವಿಲ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ‘ಎನ್ಸಿಕ್ಲೊಪೀಡಿಯ ಲೀಬ್ರೆ’ ಎಂಬ ಹೊಸ ವಿಶ್ವಕೋಶವನ್ನು ಕಟ್ಟಿದರು.

ಹೊರಟವರು ಬರಿಗೈಯಲ್ಲಿ ಹೋಗಲಿಲ್ಲವೆಂಬುದು ಇಲ್ಲಿ ಮುಖ್ಯ. ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು, ಅದೇ ಷರತ್ತಿನ ಮೇಲೆ ಮತ್ತೆ ಹಂಚಬಹುದು ಎಂಬ ಮುಕ್ತ ಪರವಾನಗಿಯಡಿ ಲೇಖನಗಳು ಪ್ರಕಟವಾಗಿದ್ದುದರಿಂದ ಅವುಗಳನ್ನೆಲ್ಲ ಕೊಂಡೊಯ್ಯುವ ಹಕ್ಕು ಅವರಿಗಿತ್ತು. ಅವಿಭಕ್ತ ಕುಟುಂಬ ಒಡೆದಾಗ ಆಸ್ತಿ ಪಾಲಾಗುತ್ತದೆ. ಇಲ್ಲಿ ಆಸ್ತಿ ಎರಡೂ ಮನೆಗಳಲ್ಲಿ ಇಡಿಯಾಗಿ ಉಳಿಯಿತು, ಪಾಲಾದದ್ದು ದುಡಿಯುವ ಕೈಗಳು. ಸ್ಪ್ಯಾನಿಷ್ ವಿಕಿಪೀಡಿಯ ಒಂದು ವರ್ಷಕ್ಕೂ ಹೆಚ್ಚು ಕಾಲ ಸೊರಗಿತು. ಲೇಖನಗಳ ಸಂಖ್ಯೆಯಲ್ಲಿ ಅದು ಹೊಸ ಕೋಶವನ್ನು ಹಿಂದೆ ಹಾಕಿದ್ದು 2004ರಲ್ಲಿ. ಅಷ್ಟರಲ್ಲಿ ಮೂಲ ಸಂಸ್ಥೆಯ ಸ್ವರೂಪವೇ ಬದಲಾಗಿತ್ತು. 2002ರ ಆಗಸ್ಟ್‌ನಲ್ಲಿ ವಿಳಾಸ ‘ಡಾಟ್ ಆರ್ಗ್’ ಆಯಿತು. 2003ರ ಜೂನ್‌ನಲ್ಲಿ ಲಾಭರಹಿತ ವಿಕಿಮೀಡಿಯ ಪ್ರತಿಷ್ಠಾನ ಸ್ಥಾಪನೆಯಾಯಿತು. ಜಾಹೀರಾತು ಬರಲೇ ಇಲ್ಲ. ಈ ಬದಲಾವಣೆಗಳಿಗೆ ಸ್ಪ್ಯಾನಿಷ್ ಬಳಗದ ನಿರ್ಗಮನವೊಂದೇ ಕಾರಣವೆನ್ನಲಾಗದು. ಆದರೂ ಹೊರನಡೆಯಬಲ್ಲ ಸ್ವಯಂಸೇವಕರು ಒಳಗಿರುವವರ ಮೇಲೆ ಬೀರುವ ಒತ್ತಡವನ್ನು ಈ ಘಟನೆಯಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದು ಉದಾಹರಣೆ ವಿಕಿಪೀಡಿಯದ ಇತಿಹಾಸದಲ್ಲಿ ವಿರಳ. ಸ್ಯಾಂಗರ್ ಅವರೂ 2002ರ ಮಾರ್ಚ್‌ನಲ್ಲಿ ಹೊರಬಂದರು. ತಜ್ಞರಿಗೆ ಸಲ್ಲಬೇಕಾದ ಮನ್ನಣೆ ಅಲ್ಲಿ ಸಲ್ಲುತ್ತಿಲ್ಲವೆಂಬ ದೂರನ್ನು ಮುಂದುವರಿಸುತ್ತ 2006ರಲ್ಲಿ ‘ಸಿಟಿಜೆಂಡಿಯಂ’ ಎಂಬ ಪರ್ಯಾಯ ಕೋಶವನ್ನು ಘೋಷಿಸಿದರು. ಅದು ಬಹಳ ಬೆಳೆಯಲಿಲ್ಲ.

ಒಳಗೇ ಉಳಿದವರ ಜಗಳಗಳು ಬೇರೆ ಬಗೆಯವು. ಆರಂಭದಲ್ಲಿ ಇದ್ದ ಮುಖ್ಯ ಸೂತ್ರ ‘ತಟಸ್ಥ ದೃಷ್ಟಿಕೋನ’ವೊಂದೇ ಎನ್ನಬಹುದು. ಭಿನ್ನಾಭಿಪ್ರಾಯವಿರುವಲ್ಲಿ ಲೇಖನ ಪಕ್ಷ ವಹಿಸದೆ, ಯಾರು ಏನು ಹೇಳುತ್ತಾರೆಂಬುದನ್ನು ನಿರೂಪಿಸಬೇಕೆಂಬುದು ಅದರ ತಾತ್ಪರ್ಯ. ಅಭಿಪ್ರಾಯಗಳ ಮಟ್ಟಿಗೆ ಸಮರ್ಪಕವಾದ ಈ ಸೂತ್ರ ಹೆಸರುಗಳ ಮುಂದೆ ಕೈಚೆಲ್ಲಿತು. ಬಾಲ್ಟಿಕ್ ತೀರದ ಬಂದರು ನಗರವೊಂದನ್ನು ಪೋಲೆಂಡಿನವರು ಗ್ದಾನ್ಸ್ಕ್ ಎಂದೂ ಜರ್ಮನರು ಡಾನ್‌ಝಿಗ್ ಎಂದೂ ಕರೆಯುತ್ತಾರೆ. ಲೇಖನದ ಒಂದು ವಾಕ್ಯದಲ್ಲಿ ಎರಡರಲ್ಲೊಂದನ್ನು ಆರಿಸಲೇಬೇಕು, ಆರಿಸಿದೊಡನೆ ತಾಟಸ್ಥ್ಯ ಹೋಯಿತು. ಒಬ್ಬರು ಬರೆದ ಹೆಸರನ್ನು ಇನ್ನೊಬ್ಬರು ಅಳಿಸುವ ಕಾದಾಟ ಎಡೆಬಿಡದೆ ನಡೆದು, ಕೊನೆಗೆ 2005ರ ಮಾರ್ಚ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಮತದಾನದ ಮೂಲಕ ಕಾಲವನ್ನೇ ವಿಭಾಗಿಸಿದರು. 1308ರಿಂದ 1945ರವರೆಗಿನ ಪ್ರಸಂಗಗಳಲ್ಲಿ ಡಾನ್‌ಝಿಗ್, ಅದಕ್ಕೆ ಹಿಂದೆಯೂ ಮುಂದೆಯೂ ಗ್ದಾನ್ಸ್ಕ್. ಇತಿಹಾಸಕಾರನ ತೀರ್ಪಾಗಿ ಇದು ಒರಟಾದುದು. ಊರಿನೊಳಗೆ ಜನ ಯಾವ ಯಾವ ಭಾಷೆಗಳನ್ನಾಡುತ್ತಿದ್ದರೆಂಬುದು ಇಸವಿಯ ಗೆರೆಗೆ ಸಿಕ್ಕುವಂಥದಲ್ಲ. ಪಂಚಾಯಿತಿಯ ತೀರ್ಪಾಗಿ ಮಾತ್ರ ಅದು ಬಾಳಿಕೆ ಬಂದಿತು.

ಇದೇ ಅವಧಿಯಲ್ಲಿ ಸಂಸ್ಥೆಯ ರೂಪುರೇಖೆಗಳು ಮೂಡಿದವು. ವೇಲ್ಸ್ ತಾವೊಬ್ಬರೇ ತೀರಿಸುತ್ತಿದ್ದ ವ್ಯಾಜ್ಯಗಳನ್ನು 2004ರ ಆರಂಭದಿಂದ ಪಂಚಾಯ್ತಿ ಸಮಿತಿಯೊಂದು ವಿಚಾರಿಸತೊಡಗಿತು. ಒಂದು ಪುಟದಲ್ಲಿ ಇತರರ ತಿದ್ದುಪಡಿಯನ್ನು 24 ಗಂಟೆಗಳಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಅಳಿಸಕೂಡದೆಂಬ ನಿಯಮ ಅದೇ ವರ್ಷದ ನವೆಂಬರ್‌ನಲ್ಲಿ ಜಾರಿಗೆ ಬಂದಿತು. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥೇಲರ್ ಅವರನ್ನು ಕೆನಡಿ ಹತ್ಯೆಯೊಡನೆ ತಳುಕುಹಾಕಿದ ಸುಳ್ಳು ಬರಹ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದಿದ್ದುದು ಬಯಲಾದ ಮೇಲೆ, ಇಂಗ್ಲಿಷ್ ಆವೃತ್ತಿಯಲ್ಲಿ ಖಾತೆಯಿಲ್ಲದವರು ಹೊಸ ಪುಟ ತೆರೆಯುವುದನ್ನು ನಿಲ್ಲಿಸಲಾಯಿತು. ಪ್ರತಿಯೊಂದು ನಿಯಮದ ಹಿಂದೆಯೂ ಒಂದು ನೋವಿತ್ತು. ಆದರೆ ನಿಯಮಗಳ ರಾಶಿಯೇ ಹೊಸಬರಿಗೆ ಬೇಲಿಯಾಯಿತು. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಸುಮಾರು 51,000ಕ್ಕೆ ಏರಿ, 2013ರ ವೇಳೆಗೆ 31,000ದ ಆಸುಪಾಸಿಗೆ ಇಳಿಯಿತು. ಹೊಸಬರ ಪ್ರಾಮಾಣಿಕ ತಿದ್ದುಪಡಿಗಳನ್ನೂ ಯಾಂತ್ರಿಕವಾಗಿ ತಿರಸ್ಕರಿಸುವ ರೂಢಿ ಇದಕ್ಕೊಂದು ಮುಖ್ಯ ಕಾರಣವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ಗುರುತಿಸಿತು.

ಸ್ಥಾಪಕರ ಅಧಿಕಾರದ ಮಿತಿಯೂ ಸಂಘರ್ಷದಲ್ಲಿಯೇ ನಿರ್ಣಯವಾಯಿತು. ಕಲಿಕೆಯ ಸಾಮಗ್ರಿಗಾಗಿ 2006ರಲ್ಲಿ ಆರಂಭವಾಗಿದ್ದ ವಿಕಿವರ್ಸಿಟಿಯಲ್ಲಿ ವೇಲ್ಸ್ 2010ರ ಮಾರ್ಚ್‌ನಲ್ಲಿ ತಾವಾಗಿಯೇ ಪುಟವನ್ನು ಅಳಿಸಿ ಸದಸ್ಯರೊಬ್ಬರನ್ನು ನಿರ್ಬಂಧಿಸಿದರು. ಮೇ ತಿಂಗಳಲ್ಲಿ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ಹಲವು ಚಿತ್ರಗಳನ್ನು ತೆಗೆದುಹಾಕಿದರು. ಸ್ವಯಂಸೇವಕರು ತೀವ್ರವಾಗಿ ಪ್ರತಿಭಟಿಸಿದ ಮೇಲೆ ಅಂಥ ವಿಶೇಷಾಧಿಕಾರಗಳನ್ನು ತಾವೇ ಬಿಟ್ಟುಕೊಟ್ಟರು.

ಭಾರತೀಯ ಭಾಷೆಗಳ ಬಳಗಗಳಿಗೆ ಎದುರಾದ ಸಮಸ್ಯೆ ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಅಲ್ಲಿ ಕೊರತೆಯಿದ್ದುದು ಜಗಳಗಂಟರದಲ್ಲ, ಬರೆಯುವವರದು. ಆ ಕೊರತೆಯನ್ನು ಹಣದಿಂದ ತುಂಬುವ ಪ್ರಯತ್ನವೊಂದು 2008ರ ಅನಂತರ ನಡೆಯಿತು. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಗೂಗಲ್ ಕಂಪನಿ ತನ್ನ ಅನುವಾದ ಸಲಕರಣೆಯ ನೆರವಿನಿಂದ, ಸಂಭಾವನೆ ಪಡೆಯುವ ಅನುವಾದಕರ ಮೂಲಕ ಹಿಂದಿ, ಕನ್ನಡ, ತಮಿಳು, ತೆಲುಗು, ಗುಜರಾತಿ, ಅರಬ್ಬಿ, ಸ್ವಾಹಿಲಿ ಮುಂತಾದ ಭಾಷೆಗಳಿಗೆ ತರಿಸಿತು. ಒಟ್ಟು 1.6 ಕೋಟಿ ಪದಗಳು ಅನುವಾದವಾಗಿವೆಯೆಂದು 2010ರ ಜುಲೈನಲ್ಲಿ ಅದು ಪ್ರಕಟಿಸಿತು. ಸಂಖ್ಯೆಗಳ ದೃಷ್ಟಿಯಿಂದ ಇದು ಸುಗ್ಗಿ. ಸ್ವಯಂಸೇವಕರ ಅನುಭವ ಮಾತ್ರ ಬೇರೆಯಾಗಿತ್ತು.

ಲೇಖನಗಳ ಆಯ್ಕೆ ಅಂತರಜಾಲ ಹುಡುಕಾಟದ ಜನಪ್ರಿಯತೆಯನ್ನು ಅನುಸರಿಸುತ್ತಿತ್ತು. ಹೀಗಾಗಿ ಊರುಕೇರಿಗಳ, ಕವಿಗಳ, ಬೆಳೆಗಳ ಬಗೆಗೆ ನಾಲ್ಕು ಸಾಲಿಲ್ಲದ ಕೋಶದಲ್ಲಿ ಪಾಶ್ಚಾತ್ಯ ಗಾಯಕರ, ಚಲನಚಿತ್ರಗಳ ಸುದೀರ್ಘ ಚರಿತ್ರೆಗಳು ಬಂದು ಕುಳಿತವು. ವಾಕ್ಯಗಳು ಇಂಗ್ಲಿಷಿನ ಅಚ್ಚಿನಲ್ಲಿ ಎರಕಗೊಂಡಿದ್ದವು. ದೋಷಗಳನ್ನು ಚರ್ಚಾಪುಟದಲ್ಲಿ ತೋರಿಸಿದರೆ ಉತ್ತರಿಸುವವರಿಲ್ಲ; ಅನುವಾದಕ ಅಷ್ಟರಲ್ಲಿ ಮುಂದಿನ ಲೇಖನಕ್ಕೆ ಹೋಗಿರುತ್ತಿದ್ದ. ವಿಕಿಪೀಡಿಯದ ವ್ಯವಸ್ಥೆ ನಿಂತಿರುವುದೇ ಪ್ರಶ್ನೆಗೆ ಮರುಮಾತಿದೆ ಎಂಬ ಭರವಸೆಯ ಮೇಲೆ. ಆ ಮರುಮಾತನ್ನು ಈ ಯೋಜನೆ ಲೆಕ್ಕಕ್ಕೇ ಹಿಡಿದಿರಲಿಲ್ಲವೆಂದು ತೋರುತ್ತದೆ.

ಪ್ರತಿಕ್ರಿಯೆಗಳು ಒಂದೊಂದು ಭಾಷೆಯಲ್ಲಿ ಒಂದೊಂದು ತೆರನಾದವು. ಬಂಗಾಳಿ ಬಳಗ ಇಂಥ ಅನುವಾದಗಳನ್ನು ಸ್ವೀಕರಿಸಲು ನಿರಾಕರಿಸಿತು. ತಮಿಳು ಬಳಗ ಕಂಪನಿಯೊಡನೆ ಮಾತುಕತೆಗಿಳಿದು, ವಿಷಯಗಳ ಆಯ್ಕೆಯಲ್ಲಿ ತನ್ನ ಮಾತು ನಡೆಯಬೇಕು, ದೋಷಗಳನ್ನು ತಿದ್ದಿಕೊಡಬೇಕು ಎಂದು ಪಟ್ಟುಹಿಡಿಯಿತು. ಆ ಅನುಭವದ ವಿಮರ್ಶೆಯನ್ನು 2010ರ ಜುಲೈನಲ್ಲಿ ನಡೆದ ವಿಕಿಮೀಡಿಯ ಬಳಗಗಳ ಜಾಗತಿಕ ಸಮ್ಮೇಳನದಲ್ಲಿ ಮಂಡಿಸಿತು. ಸಮ್ಮೇಳನ ನಡೆದ ಊರು ಗ್ದಾನ್ಸ್ಕ್ ಎಂಬುದು ಕಾಕತಾಳೀಯ. ಕನ್ನಡದ ಬಳಗ ಇವೆರಡಕ್ಕಿಂತ ಚಿಕ್ಕದು. ಅದರ ಸಾಮಾನ್ಯ ಚರ್ಚೆಯ ತಾಣಕ್ಕೆ ‘ಅರಳಿ ಕಟ್ಟೆ’ ಎಂಬ ಸೊಗಸಾದ ಹೆಸರಿದೆ. ಆದರೆ ಕಟ್ಟೆಯ ಮೇಲೆ ಕೂರುವವರು ಕೆಲವರೇ ಆದಾಗ ಹೊರಗಿನಿಂದ ಬಂದ ಪ್ರವಾಹವನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಕನ್ನಡದಲ್ಲಿ ಲೇಖನಗಳು ಉಳಿದವು, ಅವುಗಳನ್ನು ಶುದ್ಧಗೊಳಿಸುವ ಹೊಣೆ ಸ್ವಯಂಸೇವಕರ ಮೇಲೆ ಬಿದ್ದಿತು. ಇನ್ನೊಬ್ಬರು ಕೂಲಿ ಪಡೆದು ಬರೆದುದನ್ನು ಕೂಲಿಯಿಲ್ಲದೆ ತಿದ್ದುವ ಕೆಲಸ ಯಾರಿಗೂ ಉತ್ಸಾಹ ತರುವಂಥದಲ್ಲ. ಎರಡು ಭಾಷೆಗಳಲ್ಲಿ ಸಾಲುಸಾಲಾಗಿ ಹೊಂದುವ ಪಠ್ಯ ಯಂತ್ರಾನುವಾದಕ್ಕೆ ಎಷ್ಟು ಬೆಲೆಬಾಳುವುದೆಂಬುದನ್ನೂ ಇಲ್ಲಿ ನೆನೆಯಬೇಕು. ಗೂಗಲ್‌ನ ಯಂತ್ರಾನುವಾದ ಸೇವೆಗೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಲೇಖನಗಳನ್ನು ಅನುವಾದಿಸಿದ ಸಲಕರಣೆಯನ್ನು ಕಂಪನಿ 2019ರಲ್ಲಿ ಮುಚ್ಚಿತು.

ಕರ್ನಾಟಕದ ಇತರ ಭಾಷೆಗಳ ಬಳಗಗಳು ಆಯ್ದ ದಾರಿ ನಿಧಾನವಾದುದು. ತುಳು ವಿಕಿಪೀಡಿಯ ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲಿದ್ದು, ನಿರಂತರವಾಗಿ ಬರೆಯುವವರು ಕೂಡಿಬಂದ ಮೇಲೆ 2016ರ ಆಗಸ್ಟ್‌ನಲ್ಲಿ ಸ್ವತಂತ್ರ ಆವೃತ್ತಿಯಾಯಿತು. 2015ರಲ್ಲಿ ಆರಂಭವಾದ ಕೊಂಕಣಿ ವಿಕಿಪೀಡಿಯದ ಎದುರಿಗಿದ್ದುದು ಲಿಪಿಯ ಪ್ರಶ್ನೆ. ಗೋವೆಯಲ್ಲಿ ದೇವನಾಗರಿ ಮತ್ತು ರೋಮನ್ ಲಿಪಿಗಳ ವಾದ ಹಳೆಯದು, ಕರಾವಳಿ ಕರ್ನಾಟಕದ ಕೊಂಕಣಿಗರು ಬರೆಯುವುದು ಕನ್ನಡ ಲಿಪಿಯಲ್ಲಿ. ಸ್ಪ್ಯಾನಿಷ್ ಬಳಗದಂತೆ ಕವಲೊಡೆಯಲು, ಗ್ದಾನ್ಸ್ಕ್ ವಿವಾದದಂತೆ ಮತಕ್ಕೆ ಹಾಕಲು ಇಲ್ಲಿ ಕಾರಣಗಳು ಸಾಕಷ್ಟಿದ್ದವು. ಎರಡೂ ಆಗದೆ, ಒಂದೇ ಕೋಶದಲ್ಲಿ ಮೂರು ಲಿಪಿಗಳ ಲೇಖನಗಳೂ ನೆಲೆಗೊಂಡವು. ಓದುಗನಿಗೆ ಇದರಿಂದ ತೊಡಕಿದೆ, ಒಂದೇ ವಿಷಯಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ದುಡಿಯುವ ಹೊರೆಯೂ ಇದೆ. ಆದರೆ ಯಾರೂ ಮನೆ ಬಿಟ್ಟು ಹೋಗಬೇಕಾಗಲಿಲ್ಲ.

ಕನ್ನಡದಲ್ಲಿ ಸಂಸ್ಥೆಯ ವಿಶ್ವಕೋಶವೂ ಸ್ವಯಂಸೇವಕರ ವಿಶ್ವಕೋಶವೂ ಕೊನೆಗೆ ಮುಖಾಮುಖಿಯಾದದ್ದು 2014ರಲ್ಲಿ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ತಜ್ಞರು ಬರೆದು ಸಂಪಾದಕ ಮಂಡಳಿ ತಿದ್ದಿದ್ದ ಲೇಖನಗಳು ಹೀಗೆ ಯಾರು ಬೇಕಾದರೂ ತಿದ್ದಬಹುದಾದ ಪುಟಗಳಿಗೆ ಬಂದವು. ಆ ಲೇಖನಗಳ ಜನಸಂಖ್ಯೆ, ಜಿಲ್ಲೆಗಳ ಗಡಿ, ವಿಜ್ಞಾನದ ವಿವರಗಳು ಆಯಾ ಸಂಪುಟ ಅಚ್ಚಾದ ಕಾಲದವು. ಅವುಗಳನ್ನು ಆಕರವಾಗಿ ಹಾಗೆಯೇ ಕಾಪಾಡುವ ಕೆಲಸಕ್ಕೆ ವಿಕಿಸೋರ್ಸ್ ಎಂಬ ಗ್ರಂಥಭಂಡಾರವಿದೆ. ವಿಕಿಪೀಡಿಯಕ್ಕೆ ಬಂದ ಲೇಖನಗಳ ಕೆಳಗೆ ವಿಶ್ವಕೋಶದ ಹೆಸರನ್ನು ನಮೂದಿಸುವ ಪದ್ಧತಿ ಬೆಳೆಯಿತು. ಅವುಗಳ ವಾಕ್ಯಗಳು ಅಂದಿನಿಂದ ತಿದ್ದುಪಡಿಗೊಳ್ಳುತ್ತಲೇ ಇವೆ, ಪ್ರತಿಯೊಂದು ತಿದ್ದುಪಡಿಯ ದಿನಾಂಕವೂ ಪುಟದ ಇತಿಹಾಸದಲ್ಲಿ ದಾಖಲಾಗುತ್ತಿದೆ.