ರೋಗಿಯ ಹಿಂದಿನ ಎರಡು ವಾರ

1952ರ ಆಗಸ್ಟ್. ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತ್ತು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮಕ್ಕಳು. ಉಸಿರಾಟದ ಸ್ನಾಯುಗಳು ಸೋತ 31 ರೋಗಿಗಳ ಪೈಕಿ 27 ಮಂದಿ ಮೊದಲ ಮೂರು ವಾರಗಳಲ್ಲೇ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಒತ್ತುತ್ತಾ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಅಷ್ಟೊಂದು ಯಂತ್ರಗಳು ಎಲ್ಲಿಂದ ಬರಬೇಕು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ತಿಂಗಳುಗಟ್ಟಲೆ ಕೈಯಿಂದಲೇ ಚೀಲ ಒತ್ತಿದರು. ಮರುವರ್ಷ ಡಿಸೆಂಬರ್‌ನಲ್ಲಿ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ತೆರೆದ ವಿಭಾಗವೇ ಇಂದಿನ ಐ.ಸಿ.ಯು.ಗಳ ಮೂಲ.

ಅಂದು ಉಳಿದವರು ಕಾಯಿಲೆ ಬೀಳುವ ಹಿಂದಿನ ದಿನದವರೆಗೆ ಆಡಿಕೊಂಡಿದ್ದ ಎಳೆಯರು. ಇಂದು ಆ ಮಂಚಗಳಲ್ಲಿ ಮಲಗುವವರಲ್ಲಿ ವಯಸ್ಸಾದವರು ಬಹಳ. ಯಂತ್ರ ಉಸಿರು ಕೊಡುತ್ತದೆ, ಸವೆದುಹೋದ ತ್ರಾಣವನ್ನು ಕೊಡುವುದಿಲ್ಲ.

ಉರ್ದುವಿನಲ್ಲಿ 'ಜಯೀಫಿ' ಎಂದರೆ ಮುಪ್ಪೂ ಹೌದು, ನಿತ್ರಾಣವೂ ಹೌದು. ವೈದ್ಯಶಾಸ್ತ್ರ ಇವೆರಡನ್ನು ಬಿಡಿಸಿ ನೋಡಲು ಕಲಿತದ್ದು ತಡವಾಗಿ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ನಿತ್ರಾಣಕ್ಕೆ ಐದು ಲಕ್ಷಣಗಳನ್ನು ಗುರುತಿಸಿದರು: ತಾನಾಗಿ ಇಳಿಯುವ ತೂಕ, ದಣಿವು, ಸಡಿಲ ಹಿಡಿತ, ನಿಧಾನ ನಡಿಗೆ, ಕುಗ್ಗಿದ ಚಟುವಟಿಕೆ. 2005ರಲ್ಲಿ ಕೆನಡಾದ ಕೆನೆತ್ ರಾಕ್‌ವುಡ್ ಒಂದು ಸರಳ ಮಾಪಕವನ್ನು ಮುಂದಿಟ್ಟರು. ಅದನ್ನು ಬಳಸುವಾಗ ಕೇಳುವುದು ಇಂದಿನ ಸ್ಥಿತಿಯನ್ನಲ್ಲ, ಕಾಯಿಲೆಗೆ ಎರಡು ವಾರ ಮೊದಲಿನ ಬದುಕನ್ನು. ತಾನೇ ಸ್ನಾನ ಮಾಡುತ್ತಿದ್ದರೇ? ಅಂಗಡಿಗೆ ಹೋಗಿ ಬರುತ್ತಿದ್ದರೇ? ರೋಗಿಗೆ ಪ್ರಜ್ಞೆ ಇಲ್ಲದಾಗ ಉತ್ತರಿಸಬೇಕಾದವರು ಬಾಗಿಲ ಹೊರಗೆ ನಿಂತ ಮಗಳೋ ಸೊಸೆಯೋ.

ಪ್ರಶ್ನೆ ವ್ಯರ್ಥವಲ್ಲ. ಕೆನಡಾದಲ್ಲೇ ಐವತ್ತು ದಾಟಿದ 421 ಐ.ಸಿ.ಯು. ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರನೇ ಒಂದರಷ್ಟು ಮಂದಿ ನಿತ್ರಾಣರಾಗಿದ್ದರು. ಅವರಲ್ಲಿ ಆಸ್ಪತ್ರೆಯಲ್ಲೇ ಮಡಿದವರು ಶೇ. 32, ಉಳಿದವರಲ್ಲಿ ಶೇ. 16. ಆದರೆ ಇದನ್ನು ತಿರುಗಿಸಿ ಓದಬೇಕು. ನಿತ್ರಾಣರಲ್ಲೂ ಮೂವರಲ್ಲಿ ಇಬ್ಬರು ಆಸ್ಪತ್ರೆಯಿಂದ ಜೀವಂತವಾಗಿ ಹೊರಬಂದಿದ್ದರು.

ಆರೈಕೆಯನ್ನು ಯೋಚಿಸಿ ನಡೆಸಲು ಹುಟ್ಟಿದ ಮಾಪಕ ಬಾಗಿಲ ಚಿಲಕವಾಗಲು ಎಷ್ಟು ಹೊತ್ತು ಬೇಕು? 2020ರ ಮಾರ್ಚ್ 20ರಂದು, ಕೋವಿಡ್ ಏರುತ್ತಿದ್ದಾಗ, ಬ್ರಿಟನ್ನಿನ ನೈಸ್ ಸಂಸ್ಥೆ ಆಸ್ಪತ್ರೆಗೆ ಬರುವ ಎಲ್ಲ ವಯಸ್ಕರನ್ನೂ ಈ ಮಾಪಕದಲ್ಲಿ ಅಳೆಯುವಂತೆ ಸೂಚಿಸಿತು. ಹುಟ್ಟಿನಿಂದಲೇ ಇನ್ನೊಬ್ಬರ ನೆರವಿನಲ್ಲಿ ಬಟ್ಟೆ ತೊಡುವ ಇಪ್ಪತ್ತೈದರ ಯುವಕನೂ ಆ ಲೆಕ್ಕದಲ್ಲಿ ನಿತ್ರಾಣನೇ! ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು. ಮಾರ್ಚ್ 25ರಂದು ಸೂಚನೆ ತಿದ್ದುಪಡಿಯಾಯಿತು: 65ರ ಕೆಳಗಿನವರಿಗೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯಂಥ ಸ್ಥಿರ ಅಂಗವೈಕಲ್ಯ ಇರುವವರಿಗೆ ಈ ಅಂಕಿ ಸಲ್ಲದು, ಅವರನ್ನು ಒಬ್ಬೊಬ್ಬರನ್ನಾಗಿಯೇ ನೋಡಬೇಕು ಎಂದು.